ಆಸ್ತಿಕ ಅಂದ್ರೆ ಆಸ್ತಿ ಇರೋರಾ?

ಈ ಸಲ ಬಂದ ಪತ್ರಗಳಲ್ಲಿ ಐದಾರು ಒಂದೇ ಪದದ ಹಿಂದೆ ಬಿದ್ದಿವೆ. ಹಾಗಾಗಿ ಬೇರೆ ಪದಗಳನ್ನೆಲ್ಲ ಮುಂದಿನ ತಿಂಗಳಿಗೆ ತಳ್ಳಿ, ಇದೊಂದನ್ನೇ ಹಿಡಿದುಕೊಂಡು ಕೂತಿದ್ದೇನೆ.

ಪ್ರಶ್ನೆ: ನಮ್ಮೂರ ಜಾತ್ರೆಯ ಆಹ್ವಾನ ಪತ್ರಿಕೆಯಲ್ಲಿ "ಆಸ್ತಿಕ ಮಹಾಶಯರೆಲ್ಲರೂ ಆಗಮಿಸಿ ತನು ಮನ ಧನಗಳಿಂದ ಸಹಕರಿಸಬೇಕು" ಎಂದಿತ್ತು. ಎಂಟನೇ ಕ್ಲಾಸು ಓದುವ ಮಗಳು "ಆಸ್ತಿ ಇರೋರು ಮಾತ್ರ ಬರಬೇಕಾ ಅಮ್ಮಾ?" ಎಂದು ಕೇಳಿದಳು. ನಾನು ನಕ್ಕು, ದೇವರನ್ನು ನಂಬುವವರು ಅಂತ ಅರ್ಥ ಎಂದೆ. ಆಮೇಲೆ ನನಗೇ ಅನುಮಾನ ಬಂತು. ಆಸ್ತಿಗೂ ಆಸ್ತಿಕನಿಗೂ ಸಂಬಂಧ ಇದೆಯಾ? (ಒಬ್ಬ ಓದುಗರು, ತುಮಕೂರು)

ಉತ್ತರ: ಮಗಳನ್ನು ನೋಡಿ ನಕ್ಕಿದ್ದಕ್ಕೆ ಒಂದು ಸಾರಿ ಕ್ಷಮೆ ಕೇಳಿಬಿಡಿ ಮೇಡಂ. ಅವಳು ಹೇಳಿದ ಅರ್ಥ ತಪ್ಪು, ಆದರೆ ಹಿಡಿದ ನೆಂಟಸ್ತನ ಸರಿ.

ಸಂಸ್ಕೃತದಲ್ಲಿ 'ಅಸ್ತಿ' ಅಂದರೆ 'ಇದೆ', ಅಷ್ಟೇ. 'ನ ಅಸ್ತಿ' ಸೇರಿ 'ನಾಸ್ತಿ', ಅಂದರೆ 'ಇಲ್ಲ'. 'ಇದೆ' ಎನ್ನುವವನು ಆಸ್ತಿಕ, 'ಇಲ್ಲ' ಎನ್ನುವವನು ನಾಸ್ತಿಕ. ಅದೇ 'ಅಸ್ತಿ'ಯಿಂದಲೇ ನಮ್ಮ ಹೊಲ, ಮನೆ, ಸೈಟು ಎಂಬ ಅರ್ಥದ 'ಆಸ್ತಿ'ಯೂ ಬಂದಿದೆ. ಒಬ್ಬನ ಬಳಿ ಏನು 'ಇದೆ'ಯೋ ಅದು ಅವನ ಆಸ್ತಿ. ಕನ್ನಡದ್ದೇ ಮಾತಲ್ಲೂ ಇದೇ ಲೆಕ್ಕ ನಡೆಯುತ್ತದೆ ನೋಡಿ. 'ಇದ್ದವರು' ಅಂದರೆ ಶ್ರೀಮಂತರು, 'ಇಲ್ಲದವರು' ಅಂದರೆ ಬಡವರು, ಏನು ಇದೆ ಏನು ಇಲ್ಲ ಅಂತ ಯಾರೂ ಬಿಡಿಸಿ ಹೇಳುವುದಿಲ್ಲ, ಕೇಳುವುದೂ ಇಲ್ಲ. ಶಿವಾಲಯ ಕಟ್ಟಿಸುವವರನ್ನು ಬಸವಣ್ಣನವರು 'ಉಳ್ಳವರು' ಎಂದು ಕರೆದದ್ದು ನೆನಪಿದೆಯಲ್ಲ, ಅದೂ ಇದೇ ಜಾತಿಯ ಪದ.

ತೆಲುಗು, ತಮಿಳು, ಮಲಯಾಳಂನಲ್ಲೂ ಆಸ್ತಿ ಅಂದರೆ ಸೊತ್ತೇ. ಹಿಂದಿಯವರಿಗೆ ಮಾತ್ರ ಈ ಅರ್ಥ ತಲೆಗೆ ಹೋಗುವುದಿಲ್ಲ. ಅವರ ಮುಂದೆ 'ಆಸ್ತಿ ಭಾಗ ಮಾಡಿಕೊಂಡ್ವಿ' ಅಂದರೆ ಪಿಳಿಪಿಳಿ ನೋಡುತ್ತಾರೆ.

ಇನ್ನು ಆಹ್ವಾನ ಪತ್ರಿಕೆಯ ವಿಷಯ. ಅಲ್ಲಿ 'ಆಸ್ತಿಕ ಮಹಾಶಯರು' ಎಂಬುದಕ್ಕೆ ಈಗ ಅರ್ಥಕ್ಕಿಂತ ಶಿಷ್ಟಾಚಾರವೇ ಜಾಸ್ತಿ. 'ಭಗವದ್ಭಕ್ತರು', 'ಸದ್ಭಕ್ತರು' ಅಂತ ಹಾಕುತ್ತಾರಲ್ಲ, ಅದರ ಹಾಗೆ. ಜಾತ್ರೆಗೆ ಬರುವ ಯಾರನ್ನೂ ಬಾಗಿಲಲ್ಲಿ ನಿಲ್ಲಿಸಿ ನೀವು ಆಸ್ತಿಕರೋ ಎಂದು ಕೇಳುವುದಿಲ್ಲ. ರಶೀದಿ ಪುಸ್ತಕ ಹಿಡಿದವರು ಮಾತ್ರ 'ತನು ಮನ' ಎರಡನ್ನೂ ದಾಟಿ ಮೂರನೆಯದಕ್ಕೆ ಬರುತ್ತಾರೆ. ಆ ಹೊತ್ತಿಗೆ ನಿಮ್ಮ ಮಗಳ ಅರ್ಥವೇ ಹತ್ತಿರದ್ದು ಅನ್ನಿಸಬಹುದು.

ಪ್ರಶ್ನೆ: ಪಿಯುಸಿ ಓದುವಾಗಿನಿಂದ ಕಾಡುತ್ತಿರುವ ಗೊಂದಲ ಇದು. ಸಾಂಖ್ಯ, ಮೀಮಾಂಸೆ ಇವು ಆಸ್ತಿಕ ದರ್ಶನಗಳು ಎಂದು ಪುಸ್ತಕ ಹೇಳುತ್ತದೆ. ಆದರೆ ಅವು ಸೃಷ್ಟಿಕರ್ತ ದೇವರನ್ನು ಒಪ್ಪುವುದಿಲ್ಲ ಅಂತಲೂ ಅದೇ ಪುಸ್ತಕ ಹೇಳುತ್ತದೆ. ಜೈನರು ದಿನಾ ಬಸದಿಗೆ ಹೋಗಿ ಪೂಜೆ ಮಾಡಿದರೂ ನಾಸ್ತಿಕ ದರ್ಶನದ ಪಟ್ಟಿಯಲ್ಲಿದ್ದಾರೆ. ಇದೇನು ಉಲ್ಟಾಪಲ್ಟಾ? (ಒಬ್ಬ ವಿದ್ಯಾರ್ಥಿ, ಧಾರವಾಡ)

ಉತ್ತರ: ಉಲ್ಟಾ ಏನೂ ಇಲ್ಲ. ನಾವು ಇವತ್ತಿನ ಅರ್ಥ ಹಿಡಿದುಕೊಂಡು ಹಳೆಯ ಪಟ್ಟಿ ಓದುತ್ತೇವೆ, ಅದಕ್ಕೇ ಎಡವುತ್ತೇವೆ.

ಮೇಲೆ ಹೇಳಿದೆನಲ್ಲ, ಆಸ್ತಿಕ ಅಂದರೆ 'ಇದೆ ಎನ್ನುವವನು'. ಏನು ಇದೆ? ಪದದ ಒಳಗೆ ಅದಕ್ಕೆ ಉತ್ತರವೇ ಇಲ್ಲ! ದೇವರು ಎಂಬ ಮಾತು ಅದರಲ್ಲಿ ಎಲ್ಲೂ ಇಲ್ಲ. ಕರ್ತೃಪದ ಕಳೆದುಹೋದ ವಾಕ್ಯ ಇದ್ದ ಹಾಗೆ ಅದು. ಕಾಲಕಾಲಕ್ಕೆ ಬೇರೆ ಬೇರೆಯವರು ಬಂದು ಆ ಖಾಲಿ ಜಾಗದಲ್ಲಿ ತಮಗೆ ಬೇಕಾದ್ದನ್ನು ತುಂಬಿದರು, ಎಲ್ಲ ಗಲಾಟೆಯೂ ಅಲ್ಲಿಂದ ಶುರು.

ಪಾಣಿನಿಯ ವ್ಯಾಕರಣದಲ್ಲಿ ಇದಕ್ಕೆಂದೇ ಒಂದು ಸೂತ್ರ ಇದೆ. ನಾಲ್ಕನೇ ಅಧ್ಯಾಯದ ನಾಲ್ಕನೇ ಪಾದ, 60ನೇ ಸೂತ್ರ: 'ಅಸ್ತಿನಾಸ್ತಿದಿಷ್ಟಂ ಮತಿಃ'. ಅಸ್ತಿ, ನಾಸ್ತಿ, ದಿಷ್ಟ ಎಂಬ ಮೂರು ಪದಗಳಿಗೆ 'ಹೀಗೆಂದು ಯಾರ ಮತಿಯೋ' ಎಂಬ ಅರ್ಥದಲ್ಲಿ ಪ್ರತ್ಯಯ ಹತ್ತುತ್ತದೆ ಎಂದು ಅದರ ತಾತ್ಪರ್ಯ. ಪಾಣಿನಿಯ ಸೂತ್ರಗಳನ್ನು ಚರ್ಚಿಸುವ ಮಹಾಭಾಷ್ಯದಲ್ಲಿ ಪತಂಜಲಿ ಇಲ್ಲೇ ಒಂದು ತಮಾಷೆಯ ತಕರಾರು ಎತ್ತುತ್ತಾನೆ. 'ಯಾರಿಗೆ ಮತಿ ಇದೆಯೋ ಅವನು ಆಸ್ತಿಕ' ಎಂದು ಅರ್ಥ ಮಾಡಿಬಿಟ್ಟರೆ ಕಳ್ಳನೂ ಆಸ್ತಿಕನಾಗಿಬಿಡುತ್ತಾನೆ, ಏಕೆಂದರೆ ಕಳ್ಳನಿಗೂ ಬುದ್ಧಿ ಇದ್ದೇ ಇದೆ! ಹಾಗಾಗಿ 'ಇದೆ ಎಂಬುದು ಯಾರ ಮತಿಯೋ ಅವನು' ಎಂದು ಬಿಡಿಸಿಕೊಳ್ಳಬೇಕು ಅಂತ ಅವನೇ ದಾರಿಯನ್ನೂ ತೋರಿಸುತ್ತಾನೆ. ಸಾವಿರಾರು ವರ್ಷ ಹಳೆಯ ವ್ಯಾಕರಣದಲ್ಲಿ ಕಳ್ಳ ಬಂದು ಕೂತಿರುವುದು ನನಗಂತೂ ಬಹಳ ಇಷ್ಟ.

ಪತಂಜಲಿಯೂ 'ಏನು ಇದೆ' ಎಂಬುದನ್ನು ಹೇಳಲಿಲ್ಲ. ಮುಂದೆ 'ಕಾಶಿಕಾ' ಎಂಬ ವ್ಯಾಖ್ಯಾನ ಆ ಜಾಗವನ್ನು ತುಂಬಿತು: 'ಪರಲೋಕ ಇದೆ' ಎನ್ನುವವನು ಆಸ್ತಿಕ. ದೇವರು ಅಲ್ಲ, ಪರಲೋಕ. ಸತ್ತ ಮೇಲೂ ಏನೋ ಇದೆ, ಮಾಡಿದ್ದಕ್ಕೆ ಅಲ್ಲಿ ಫಲ ಇದೆ ಎಂಬ ನಂಬಿಕೆ. ಮನುಸ್ಮೃತಿಯ ಹತ್ತಿರ ಹೋದರೆ ಅಳತೆಗೋಲೇ ಬೇರೆ. 'ನಾಸ್ತಿಕೋ ವೇದನಿಂದಕಃ' ಅಂತ ಅದು ಹೇಳುತ್ತದೆ. ವೇದವನ್ನು ಹಳಿಯುವವನೇ ನಾಸ್ತಿಕ. ಇಲ್ಲೂ ದೇವರ ಸುದ್ದಿ ಇಲ್ಲ.

ನಿಮ್ಮ ಪಠ್ಯಪುಸ್ತಕದ ಪಟ್ಟಿ ಇದೆಯಲ್ಲ, ಅದು ಈ ಎರಡನೇ ಅಳತೆಗೋಲಿನದು. ನ್ಯಾಯ, ವೈಶೇಷಿಕ, ಸಾಂಖ್ಯ, ಯೋಗ, ಮೀಮಾಂಸೆ, ವೇದಾಂತ ಈ ಆರೂ ವೇದವನ್ನು ಪ್ರಮಾಣ ಎಂದವು, ಆದ್ದರಿಂದ ಆಸ್ತಿಕ. ಚಾರ್ವಾಕ (ಕಣ್ಣಿಗೆ ಕಾಣುವ ಈ ಲೋಕ ಬಿಟ್ಟರೆ ಪರಲೋಕ ಇಲ್ಲ ಎನ್ನುವ ಮತ), ಬೌದ್ಧ, ಜೈನ ಈ ಮೂರು ಒಪ್ಪಲಿಲ್ಲ, ಆದ್ದರಿಂದ ನಾಸ್ತಿಕ. ಆಸ್ತಿಕರ ಸಾಲಲ್ಲಿ ಕೂತ ಮೀಮಾಂಸಕರ ಕಥೆ ಕೇಳಿ. ಅವರಿಗೆ ವೇದ ಎಷ್ಟು ದೊಡ್ಡದೆಂದರೆ ಅದನ್ನು ಯಾರೋ ರಚಿಸಿದರು ಅಂದರೇ ತಡೆಯುವುದಿಲ್ಲ, ದೇವರು ರಚಿಸಿದ ಅಂದರೂ ಒಪ್ಪುವುದಿಲ್ಲ. ಯಜ್ಞ ಮಾಡಿದರೆ ಫಲ ತಾನಾಗಿಯೇ ಬರುತ್ತದೆ, ನಡುವೆ ದೇವರು ನಿಂತು ಹಂಚಬೇಕಾಗಿಲ್ಲ. ಜಗತ್ತನ್ನು ಸೃಷ್ಟಿ ಮಾಡಿದ ಕರ್ತನೊಬ್ಬ ಇದ್ದಾನೆ ಎಂಬುದನ್ನು ಕುಮಾರಿಲ ಭಟ್ಟ ತರ್ಕ ಹೂಡಿ ಅಲ್ಲಗಳೆದ. ಆದರೂ ಅವನು ಅಪ್ಪಟ ಆಸ್ತಿಕ! ಸಾಂಖ್ಯಕಾರಿಕೆ ಬರೆದವನ ಹೆಸರಂತೂ ಈಶ್ವರಕೃಷ್ಣ. ಹೆಸರಲ್ಲಿ ಈಶ್ವರನೂ ಇದ್ದಾನೆ, ಕೃಷ್ಣನೂ ಇದ್ದಾನೆ, ಅವನ ಸಿದ್ಧಾಂತಕ್ಕೆ ಮಾತ್ರ ಇಬ್ಬರೂ ಬೇಕಾಗಿಲ್ಲ, ಪ್ರಕೃತಿ (ಜಡ) ಮತ್ತು ಪುರುಷ (ಚೇತನ) ಸಾಕು.

ದೇವರಿದ್ದಾನೆ ಎಂದು ವಾದ ಮಾಡಿ ಸಾಧಿಸಲು ನಿಂತವರು ಮುಖ್ಯವಾಗಿ ನ್ಯಾಯದವರು. ಅವರ ಪೈಕಿ ಉದಯನ ದೊಡ್ಡ ಹೆಸರು. ಇದೆಲ್ಲ ನಡೆಯುತ್ತಿದ್ದ ಕಾಲದಲ್ಲಿ 'ದೇವರಿಲ್ಲ ಎನ್ನುವವನು' ಎಂಬುದಕ್ಕೆ ಬೇರೆಯೇ ಪದ ಇತ್ತು: ನಿರೀಶ್ವರವಾದಿ. ದೇವರನ್ನು ಸೇರಿಸಿಕೊಂಡ ಯೋಗ ದರ್ಶನವನ್ನು 'ಸೇಶ್ವರ ಸಾಂಖ್ಯ' ಎಂದೂ, ಬರೀ ಸಾಂಖ್ಯವನ್ನು 'ನಿರೀಶ್ವರ ಸಾಂಖ್ಯ' ಎಂದೂ ಕರೆಯುತ್ತಿದ್ದರು. ಅಂದರೆ ಆಸ್ತಿಕ ಒಂದು ಗೆರೆ, ಈಶ್ವರವಾದಿ ಇನ್ನೊಂದು ಗೆರೆ. ಎರಡೂ ಒಂದೇ ಕಡೆ ಹಾದುಹೋಗುವುದಿಲ್ಲ.

ಇದು ಕನ್ನಡದವರಿಗೆ ಯಾಕೆ ಮುಖ್ಯ ಅಂದರೆ, ಮನುವಿನ ಅಳತೆಗೋಲು ಹಿಡಿದರೆ ನಮ್ಮ ಆದಿಕವಿಯೇ ನಾಸ್ತಿಕ! ಪಂಪ ಜೈನ. 941ರಲ್ಲಿ ಆದಿಪುರಾಣ ಬರೆದು ಮೊದಲ ತೀರ್ಥಂಕರನ ಕಥೆ ಹೇಳಿದ. ಪೊನ್ನ, ರನ್ನ ಇಬ್ಬರೂ ಜೈನರೇ. ರತ್ನತ್ರಯರು ಮೂವರೂ ಪಟ್ಟಿಯ ಆಚೆ ಬದಿಗೆ ಹೋದರು. 12ನೇ ಶತಮಾನಕ್ಕೆ ಬಂದರೆ, ವೇದಕ್ಕೆ ಒರೆ ಕಟ್ಟುತ್ತೇನೆ, ಆಗಮದ ಮೂಗು ಕೊಯ್ಯುತ್ತೇನೆ ಎಂದ ಬಸವಣ್ಣನವರು. ಉಸಿರುಸಿರಿಗೆ ಕೂಡಲಸಂಗಮದೇವನನ್ನು ಕರೆದವರು ನಾಸ್ತಿಕರೇ? ಯಾರಾದರೂ ಒಪ್ಪುತ್ತಾರಾ? ಶರಣರು ಈ ಜೋಡಿಪದಗಳನ್ನೇ ಅಷ್ಟಾಗಿ ಹಚ್ಚಿಕೊಳ್ಳಲಿಲ್ಲ. ಅವರು ಎಳೆದ ಗೆರೆಯೇ ಬೇರೆ: ಈಚೆ ಭಕ್ತ, ಆಚೆ ಭವಿ, ಅಂದರೆ ಶಿವಭಕ್ತನಲ್ಲದವನು.

ಜೈನರೂ ಸುಮ್ನೆ ಕೂರಲಿಲ್ಲ. 'ನಾವು ನಾಸ್ತಿಕರು' ಅಂತ ಅವರು ಯಾವತ್ತೂ ಹೇಳಿಕೊಂಡಿಲ್ಲ. ಸಮ್ಯಕ್ತ್ವ, ಅಂದರೆ ಸರಿಯಾದ ಶ್ರದ್ಧೆ, ಇದೆ ಎಂದು ತೋರಿಸುವ ಗುರುತುಗಳಲ್ಲಿ 'ಆಸ್ತಿಕ್ಯ'ವೂ ಒಂದು ಎಂದು ಅವರ ಶಾಸ್ತ್ರ ಹೇಳುತ್ತದೆ. ಜೀವ ಇದೆ, ಕರ್ಮ ಇದೆ, ಮೋಕ್ಷ ಇದೆ ಎಂಬ ನಂಬಿಕೆ ಅದು. 8ನೇ ಶತಮಾನದ ಸುಮಾರಿಗೆ ಹರಿಭದ್ರ ಸೂರಿ ಎಂಬ ಜೈನ ಆಚಾರ್ಯ ತನ್ನದೇ ಆರು ದರ್ಶನಗಳ ಪಟ್ಟಿ ಮಾಡಿದ. ಅದರಲ್ಲಿ ಬೌದ್ಧರೂ ಜೈನರೂ ಆಸ್ತಿಕರ ಸಾಲಲ್ಲಿ ಆರಾಮಾಗಿ ಕೂತಿದ್ದಾರೆ, ಹೊರಗೆ ನಿಂತಿರುವವನು ಚಾರ್ವಾಕ ಒಬ್ಬನೇ. ಪಾಪ, ಯಾರ ಪಟ್ಟಿಗೆ ಹೋದರೂ ಅವನಿಗೆ ಜಾಗ ಇಲ್ಲ. ಹಳೆಯ 'ಪರಲೋಕ'ದ ಅಳತೆಗೋಲಿನಿಂದ ನೋಡಿದರೆ ಹರಿಭದ್ರನ ಪಟ್ಟಿಯೇ ಸರಿ ಅಂತ ನನ್ನ ಅನಿಸಿಕೆ.

ಬೇಲೂರಿಗೆ ಹೋದಾಗ ಗೈಡುಗಳು ಹೇಳುವ ಒಂದು ಶ್ಲೋಕ ಇದೆ, ಅಲ್ಲಿನ ಶಾಸನದಲ್ಲಿ ಇರುವುದು. ಶೈವರು ಶಿವ ಎಂದು, ವೇದಾಂತಿಗಳು ಬ್ರಹ್ಮ ಎಂದು, ಬೌದ್ಧರು ಬುದ್ಧ ಎಂದು, ನೈಯಾಯಿಕರು ಕರ್ತ ಎಂದು, ಜೈನರು ಅರ್ಹಂತ ಎಂದು, ಮೀಮಾಂಸಕರು ಕರ್ಮ ಎಂದು ಯಾರನ್ನು ಉಪಾಸಿಸುತ್ತಾರೋ ಆ ಕೇಶವ ಕಾಪಾಡಲಿ ಎಂಬ ಅರ್ಥ ಅದರದ್ದು. ಸಾಮರಸ್ಯದ ಮಾತು ಅಂತ ಎಲ್ಲರೂ ಮೆಚ್ಚುತ್ತಾರೆ, ಮೆಚ್ಚಬೇಕಾದ್ದೇ. ನಾನು ಅದನ್ನು ನೋಡುವುದು ಬೇರೆ ಕಾರಣಕ್ಕೆ. ಪಠ್ಯಪುಸ್ತಕದ ಆಸ್ತಿಕರೂ ನಾಸ್ತಿಕರೂ ಅಲ್ಲಿ ಒಂದೇ ಪಂಕ್ತಿಯಲ್ಲಿ ಊಟಕ್ಕೆ ಕೂತಿದ್ದಾರೆ!

ಹಾಗಾದರೆ 'ದೇವರನ್ನು ನಂಬುವವನು' ಎಂಬ ಅರ್ಥ ತಪ್ಪೇ? ತಪ್ಪಲ್ಲ, ಅದು ಈಗಿನ ಅರ್ಥ. ಇಂಗ್ಲಿಷಿನ ಥೀಯಿಸ್ಟ್, ಏಥೀಯಿಸ್ಟ್ ಪದಗಳಿಗೆ ನಮ್ಮಲ್ಲಿ ಏನು ಹೇಳೋಣ ಅಂದಾಗ ಕೈಗೆ ಸಿಕ್ಕಿದ್ದು ಈ ಜೋಡಿ. ಅಲ್ಲಿಂದಾಚೆಗೆ ಆ ಅರ್ಥವೇ ಗಟ್ಟಿಯಾಗಿ ಕೂತಿದೆ. ಪರೀಕ್ಷೆಯಲ್ಲಿ ದರ್ಶನಗಳ ಬಗ್ಗೆ ಬರೆಯುವಾಗ ವೇದದ ಅರ್ಥ ಹಿಡಿಯಿರಿ, ಮನೆಯಲ್ಲಿ ಮಾತಾಡುವಾಗ ದೇವರ ಅರ್ಥ ಹಿಡಿಯಿರಿ. ಒಂದೇ ಪ್ಯಾರಾದಲ್ಲಿ ಎರಡನ್ನೂ ಕಲಸಬೇಡಿ, ಅಷ್ಟೇ.

ಪ್ರಶ್ನೆ: ಆಸ್ತಿಕ, ಆಸ್ಥಿಕ, ಆಸ್ತೀಕ. ಮೂರನ್ನೂ ಅಚ್ಚಿನಲ್ಲಿ ನೋಡಿದ್ದೇನೆ. ಯಾವುದು ಸರಿ? (ಒಬ್ಬ ಓದುಗರು, ಹಾಸನ)

ಉತ್ತರ: ನಂಬಿಕೆಯ ವಿಷಯಕ್ಕೆ 'ಆಸ್ತಿಕ' ಮಾತ್ರ. ತ-ಕಾರಕ್ಕೆ ಹೊಟ್ಟೆ ಸೀಳಬೇಡಿ.

'ಆಸ್ಥಿಕ' ಎಂದು ಬರೆಯುವವರ ತಲೆಯಲ್ಲಿ ಬಹುಶಃ 'ಆಸ್ಥೆ' ಇರುತ್ತದೆ. ಅದು ಬೇರೆ ಮರದ ಕೊಂಬೆ. ನಿಲ್ಲು ಎಂಬ ಅರ್ಥದ 'ಸ್ಥಾ' ಧಾತುವಿನಿಂದ ಬಂದದ್ದು. ಕನ್ನಡದಲ್ಲಿ ಆಸ್ಥೆ ಅಂದರೆ ಆಸಕ್ತಿ, ಕಾಳಜಿ. 'ಗಿಡಗಳನ್ನು ಆಸ್ಥೆಯಿಂದ ಬೆಳೆಸಿದ್ದಾರೆ' ಅನ್ನುತ್ತೇವೆ. ಹಿಂದಿಯಲ್ಲಿ ಅದೇ ಪದಕ್ಕೆ ಶ್ರದ್ಧೆ, ನಂಬಿಕೆ ಎಂಬ ಅರ್ಥ. ಟಿವಿಯಲ್ಲಿ ದಿನಾ ಅದನ್ನು ಕೇಳಿ ಕೇಳಿ ನಮ್ಮವರಿಗೆ ಎರಡೂ ಬೆರೆತುಹೋಗಿವೆ. 'ಅಸ್ಥಿ' ಅಂತೂ ಮೂಳೆ. 'ಅಸ್ಥಿ ವಿಸರ್ಜನೆ' ಎಂಬಲ್ಲಿ ಮಹಾಪ್ರಾಣ ಮರೆತು ಮೊದಲ ಅಕ್ಷರವನ್ನು ಎಳೆದುಬಿಟ್ಟರೆ ಇಡೀ ಕುಟುಂಬ ಆಸ್ತಿಯನ್ನು ನದಿಗೆ ಬಿಟ್ಟುಬಂದ ಹಾಗಾಗುತ್ತದೆ. ಹುಷಾರು.

ಮೂರನೆಯದು, 'ಆಸ್ತೀಕ', ತಪ್ಪಲ್ಲ, ಆದರೆ ಅದು ಒಬ್ಬರ ಹೆಸರು. ಮಹಾಭಾರತದ ಆದಿಪರ್ವದಲ್ಲಿ ಜನಮೇಜಯ ಸರ್ಪಯಾಗ ಮಾಡುತ್ತಾನಲ್ಲ, ಹಾವುಗಳೆಲ್ಲ ಬಂದು ಬೆಂಕಿಗೆ ಬೀಳುತ್ತಿದ್ದವು. ಆಗ ಬಂದು ಯಾಗ ನಿಲ್ಲಿಸಿದ ಹುಡುಗ ಆಸ್ತೀಕ. ಅವನ ಅಪ್ಪ ಜರತ್ಕಾರು. ಅಮ್ಮನ ಹೆಸರೂ ಜರತ್ಕಾರುವೇ, ಅವಳು ವಾಸುಕಿಯ ತಂಗಿ. ಮಾತಿಗೆ ತಪ್ಪಿದಳು ಅಂತ ಮುನಿ ಹೆಂಡತಿಯನ್ನು ಬಿಟ್ಟು ಹೊರಟ. ಅವಳು ಅಳುತ್ತಾ, ನಮ್ಮ ಕುಲ ಉಳಿಸುವ ಮಗುವಿನ ಗತಿ ಏನು ಎಂದು ಕೇಳಿದಾಗ, ಅವನು 'ಅಸ್ತಿ', ಅಂದರೆ 'ಇದೆ' ಎಂದು ಹೇಳಿ ಹೋದ. ಹೊಟ್ಟೆಯಲ್ಲಿ ಮಗು ಇದೆ ಎಂದು. ಅದಕ್ಕೇ ಹುಟ್ಟಿದ ಮಗನಿಗೆ ಆ ಹೆಸರು. ಇಲ್ಲೂ ನೋಡಿ, 'ಇದೆ' ಎಂಬುದು ಒಂದೇ ಮಾತು, ಏನು ಇದೆ ಎಂಬುದನ್ನು ಕೇಳಿದವಳೇ ಅರ್ಥ ಮಾಡಿಕೊಳ್ಳಬೇಕಿತ್ತು. ಹಾವಿನ ಭಯಕ್ಕೆ ಆಸ್ತೀಕ ಮುನಿಯ ಹೆಸರು ಹೇಳಿಕೊಳ್ಳುವ ರೂಢಿ ಈಗಲೂ ಇದೆ. ಗದ್ದೆ ಕಡೆ ಹೋಗುವಾಗ ಅದರ ಜೊತೆ ಒಂದು ಟಾರ್ಚೂ ಇರಲಿ.

ಅಂದಹಾಗೆ, ಹುಬ್ಬಳ್ಳಿ ಕಡೆ 'ನಾಷ್ಟಾ ಆತೇನ್ರಿ' ಎಂದು ಕೇಳಿದರೆ ಗಾಬರಿಯಾಗಬೇಡಿ. ಅದು ಪಾರಸಿಯಿಂದ ಬಂದ ತಿಂಡಿಯ ಪದ, ನಾಸ್ತಿಕತೆಗೂ ಅದಕ್ಕೂ ಏನೂ ಸಂಬಂಧ ಇಲ್ಲ.

ಪ್ರಶ್ನೆ: ನನಗೆ 31. ಮನೆಯಲ್ಲಿ ಹುಡುಗಿ ನೋಡುತ್ತಿದ್ದಾರೆ. ವಿವರ ಬರೆಯುವ ಫಾರಂನಲ್ಲಿ 'ಆಸ್ತಿಕ / ನಾಸ್ತಿಕ' ಎಂಬ ಕಾಲಂ ಇತ್ತು. ನಾನು ಹಬ್ಬಕ್ಕೆ ಪೂಜೆ ಮಾಡುತ್ತೇನೆ, ಅಮ್ಮನ ಜೊತೆ ದೇವಸ್ಥಾನಕ್ಕೂ ಹೋಗುತ್ತೇನೆ. ಆದರೆ ದೇವರು ಇದ್ದಾನೋ ಇಲ್ಲವೋ ನಿಜವಾಗಿ ಗೊತ್ತಿಲ್ಲ. ನಾನು ಯಾವ ಕಡೆ? (ಒಬ್ಬ ಓದುಗರು, ಬೆಂಗಳೂರು)

ಉತ್ತರ: 'ಗೊತ್ತಿಲ್ಲ' ಎನ್ನುವುದಕ್ಕೂ ಪದ ಇದೆ: ಅಜ್ಞೇಯತಾವಾದಿ. ಇಂಗ್ಲಿಷಿನ ಅಗ್ನಾಸ್ಟಿಕ್ ಎಂಬ ಪದಕ್ಕೆ ಮಾಡಿಕೊಂಡದ್ದು. ಆ ಇಂಗ್ಲಿಷ್ ಪದವನ್ನು ಹುಟ್ಟಿಸಿದವನು ಥಾಮಸ್ ಹೆನ್ರಿ ಹಕ್ಸ್‌ಲಿ ಎಂಬ ವಿಜ್ಞಾನಿ, 1869ರಲ್ಲಿ. ಸುತ್ತಲಿನವರಿಗೆಲ್ಲ ಒಂದೊಂದು ಪಂಥದ ಹೆಸರಿದೆ, ನನಗೊಂದಿಲ್ಲ ಅಂತ ಅವನಿಗೂ ನಿಮ್ಮ ಹಾಗೇ ಕಿರಿಕಿರಿಯಾಗಿತ್ತು. ಆದರೆ ಮದುವೆ ಫಾರಂನಲ್ಲಿ 'ಅಜ್ಞೇಯತಾವಾದಿ' ಎಂದು ಬರೆದರೆ ಹುಡುಗಿ ಕಡೆಯವರು ಅದನ್ನು ಒಂದು ಪಂಗಡ ಅಂದುಕೊಳ್ಳುವ ಅಪಾಯ ಇದೆ.

ಕೆಲವರು ಇಂಥ ಕಡೆ 'ವಿಚಾರವಾದಿ' ಎಂದು ಬರೆದುಬಿಡುತ್ತಾರೆ. ಅದೂ ಬೇರೆ ಪದವೇ. ಎಚ್. ನರಸಿಂಹಯ್ಯನವರು ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದಾಗ, 1976ರಲ್ಲಿ, ಪವಾಡಗಳನ್ನು ಪರೀಕ್ಷೆ ಮಾಡಲು ಸಮಿತಿ ಮಾಡಿದರು. ಅವರ ಪ್ರಶ್ನೆ ಇದ್ದದ್ದು ಪವಾಡದ ಬಗ್ಗೆ. ದೇವರನ್ನು ನಂಬಿಕೊಂಡೇ ಪವಾಡ ಬೇಡ ಎನ್ನುವವರು ನಮ್ಮಲ್ಲಿ ಬೇಕಾದಷ್ಟು ಜನ ಇದ್ದಾರೆ.

ಎರಡೂ ಕಡೆ ಕಾಲಿಡುವವರಲ್ಲಿ ನೀವೇ ಮೊದಲಿಗರಲ್ಲ. ರಾಮಾಯಣದ ಅಯೋಧ್ಯಾಕಾಂಡದಲ್ಲಿ ಜಾಬಾಲಿ ಎಂಬ ಮುನಿ ಬರುತ್ತಾನೆ. ಭರತ ಕಾಡಿಗೆ ಹೋಗಿ ಅಣ್ಣನನ್ನು ಕರೆಯುವಾಗ ಇವನೂ ಬುದ್ಧಿ ಹೇಳುತ್ತಾನೆ. ಪರಲೋಕ ಗಿರಲೋಕ ಏನೂ ಇಲ್ಲ, ಸತ್ತವನು ಏನು ತಿನ್ನುತ್ತಾನೆ, ಶ್ರಾದ್ಧದ ಅನ್ನ ಸುಮ್ನೆ ದಂಡ, ಬಂದು ರಾಜ್ಯ ಆಳು ಎಂಬುದು ಅವನ ವಾದ. ರಾಮನಿಗೆ ಸಿಟ್ಟು ಬಂದು ಚೆನ್ನಾಗಿ ಬೈದ. ತಕ್ಷಣ ಜಾಬಾಲಿ ತಿರುಗಿಬಿದ್ದ: ನಾನು ನಾಸ್ತಿಕನಲ್ಲಪ್ಪ, ಕಾಲ ನೋಡಿಕೊಂಡು ಮತ್ತೆ ಆಸ್ತಿಕನಾಗಿದ್ದೇನೆ, ಕಾಲ ಬಂದರೆ ಮತ್ತೆ ನಾಸ್ತಿಕನಾಗುತ್ತೇನೆ, ನಿನ್ನನ್ನು ವಾಪಸ್ ಕರೆದುಕೊಂಡು ಹೋಗೋಣ ಅಂತ ಹಾಗೆ ಹೇಳಿದೆ ಎಂದ. ಇಷ್ಟು ಪ್ರಾಮಾಣಿಕವಾಗಿ ಒಪ್ಪಿಕೊಂಡವರು ಈಗ ಕಡಿಮೆ.

ಪಾಣಿನಿಯ ಸೂತ್ರದಲ್ಲಿ ಮೂರನೇ ಪದ ಒಂದಿತ್ತಲ್ಲ, 'ದಿಷ್ಟ'? ಅದರಿಂದ ಆದದ್ದು 'ದೈಷ್ಟಿಕ': ಎಲ್ಲ ವಿಧಿ, ಹಣೆಬರಹ ಎನ್ನುವವನು. ಅಣ್ಣತಮ್ಮಂದಿರಂತೆ ಒಟ್ಟಿಗೆ ಹುಟ್ಟಿದ ಮೂರು ಪದಗಳಲ್ಲಿ ಇದೊಂದು ಬಳಕೆ ತಪ್ಪಿ ಮೂಲೆ ಸೇರಿತು. ನನಗೆ ಆಶ್ಚರ್ಯ, ಯಾಕೆಂದರೆ ಜನ ಅಂತ ಎಣಿಸಲು ಹೊರಟರೆ ನಮ್ಮಲ್ಲಿ ದೈಷ್ಟಿಕರೇ ಜಾಸ್ತಿ ಸಿಗಬಹುದು. 'ಹಣೇಲಿ ಬರೆದಿದ್ರೆ ಆಗುತ್ತೆ ಬಿಡಿ' ಎಂಬ ಮಾತನ್ನು ಆಸ್ತಿಕರ ಬಾಯಲ್ಲೂ ಕೇಳಿದ್ದೇನೆ, ನಾಸ್ತಿಕರ ಬಾಯಲ್ಲೂ ಕೇಳಿದ್ದೇನೆ, ಹುಡುಗಿ ಹುಡುಕುವ ಅಪ್ಪ ಅಮ್ಮಂದಿರ ಬಾಯಲ್ಲಂತೂ ದಿನಕ್ಕೆರಡು ಸಲ.

ನಿಮಗೆ ನನ್ನ ಸಲಹೆ: ಆ ಕಾಲಂ ಖಾಲಿ ಬಿಡಿ. ಹುಡುಗಿ ಸಿಕ್ಕಾಗ, 'ಹಬ್ಬ ಮಾಡ್ತೀನಿ, ಹರಕೆ ಹೊರಲ್ಲ' ಅಂತ ನೇರವಾಗಿ ಹೇಳಿ. ಆಸ್ತಿಕ ಎಂಬ ಒಂದು ಪದಕ್ಕಿಂತ ಅವಳಿಗೆ ಅದರಿಂದ ಜಾಸ್ತಿ ಗೊತ್ತಾಗುತ್ತದೆ.

ಪ್ರಶ್ನೆ: ನನ್ನ ಆಪ್ತ ಸ್ನೇಹಿತ ಮುಸ್ಲಿಂ, ಐದು ಹೊತ್ತೂ ನಮಾಜು ತಪ್ಪಿಸುವವನಲ್ಲ. ಅವನನ್ನು 'ಆಸ್ತಿಕ' ಎಂದು ಬರೆಯಬಹುದೇ? (ಒಬ್ಬ ಓದುಗರು, ಮಂಗಳೂರು)

ಉತ್ತರ: ಈಗಿನ ಅರ್ಥದಲ್ಲಿ ಧಾರಾಳವಾಗಿ ಬರೆಯಬಹುದು. ಆದರೆ ಅವರವರ ಮನೆಯ ಪದ ಸಿಗುವಾಗ ಅದೇ ಚೆಂದ. ಕನ್ನಡದಲ್ಲಿ ಬರುವ ಇಸ್ಲಾಂ ಬರಹಗಳಲ್ಲಿ 'ಸತ್ಯವಿಶ್ವಾಸಿ' ಎಂಬ ಪದ ಚೆನ್ನಾಗಿ ಬೇರೂರಿದೆ. ನಿಮ್ಮ ಕಡೆಯ ಚರ್ಚುಗಳಲ್ಲಿ 'ವಿಶ್ವಾಸಿ' ಎನ್ನುತ್ತಾರೆ. 'ದೈವಭಕ್ತ' ಎಂದು ಮಾತ್ರ ನಿಮ್ಮೂರಲ್ಲಿ ಯೋಚಿಸಿ ಬರೆಯಿರಿ. ಮೈಸೂರು ಕಡೆ ದೈವ ಅಂದರೆ ದೇವರು ಅಥವಾ ಹಣೆಬರಹ. ಕರಾವಳಿಯಲ್ಲಿ ದೈವ ಅಂದರೆ ಕೋಲ, ನೇಮ ಕೊಟ್ಟು ಆರಾಧಿಸುವ ಪಂಜುರ್ಲಿ, ಗುಳಿಗ, ಜುಮಾದಿಯಂಥ ಭೂತಗಳು. ನಿಮ್ಮ ಸ್ನೇಹಿತನನ್ನು ದೈವಭಕ್ತ ಎಂದರೆ ಅಕ್ಕಪಕ್ಕದವರು ಹುಬ್ಬು ಏರಿಸಬಹುದು.

ಪ್ರಶ್ನೆ: ಆಸ್ತಿಕ ಪದದ ಸ್ತ್ರೀಲಿಂಗ ಏನು? (ಒಬ್ಬ ಓದುಗರು, ಸಾಗರ)

ಉತ್ತರ: ಆಸ್ತಿಕಳು ಎನ್ನಬಹುದು, ವ್ಯಾಕರಣ ತಡೆಯುವುದಿಲ್ಲ. ಬರೆಯುವಾಗ 'ಆಸ್ತಿಕರು' ಎಂದು ಗೌರವಕ್ಕೆ ಹಾಕಿಬಿಟ್ಟರೆ ಲಿಂಗದ ತಾಪತ್ರಯವೇ ಇಲ್ಲ. ನನ್ನ ಅಮ್ಮ ಬೆಳಿಗ್ಗೆ ದೀಪ ಹಚ್ಚದೆ ಕಾಫಿ ಮುಟ್ಟುವವರಲ್ಲ. ನಿಮ್ಮ ಪತ್ರ ಓದಿ, 'ಅಮ್ಮಾ, ನೀನು ಆಸ್ತಿಕಳು' ಎಂದೆ. "ಅದೇನೋ, ಡಾಕ್ಟ್ರು ಏನಾದ್ರೂ ಹೇಳಿದ್ರಾ?" ಎಂದು ಕೇಳಿದರು.